ಕವಿಯ ಅವಸ್ಥೆಗಳೂ ಕಾಲೇಜು ವಿದ್ಯಾರ್ಥಿಯ ರಚನಾಶಿಕ್ಷಣವೂ

೧

ಕಾಲೇಜಿನ ವಿದ್ಯಾರ್ಥಿಯೊಬ್ಬನು ಮೂರು ನಾಲ್ಕು ವರ್ಷಗಳ ವ್ಯಾಸಂಗದ ತರುವಾಯ ಬರೆವಣಿಗೆಯಲ್ಲಿ ಬೆಳೆದಿರುವನೋ ಇಲ್ಲವೋ ಎಂಬುದನ್ನು ಯಾವ ಲಕ್ಷಣದಿಂದ ನಿರ್ಣಯಿಸತಕ್ಕದ್ದು? ಅವನು ಕೊನೆಗೆ ತಂದೊಪ್ಪಿಸಿದ ಪ್ರಬಂಧದ ಸೊಗಸಿನಿಂದಲೋ, ಆ ಪ್ರಬಂಧವನ್ನು ರಚಿಸುತ್ತ ಅವನಲ್ಲಿಯೇ ಆದ ಮಾರ್ಪಾಟಿನಿಂದಲೋ? ಮೇಲುನೋಟಕ್ಕೆ ಇದು ಉಪಾಧ್ಯಾಯರ ಮನೆವಾರ್ತೆಯ ಮಾತಿನಂತೆ ಕಂಡರೂ ಸಾಹಿತ್ಯಮೀಮಾಂಸೆಯ ಮೂಲಕ್ಕೇ ಸೇರಿದ ಪ್ರಶ್ನೆ. ಕೃತಿಯನ್ನು ಪರೀಕ್ಷಿಸುವುದು ಬೇರೆ, ಕರ್ತೃವನ್ನು ಪರೀಕ್ಷಿಸುವುದು ಬೇರೆ. ಮೊದಲನೆಯದಕ್ಕೆ ನಮ್ಮಲ್ಲಿ ಗುಣದೋಷಾಲಂಕಾರಗಳ ವಿಚಾರ ವಿಪುಲವಾಗಿ ಬೆಳೆದಿದೆ. ಎರಡನೆಯದಕ್ಕೆ ಕವಿಶಿಕ್ಷೆಯೆಂಬ ಪ್ರತ್ಯೇಕ ಶಾಸ್ತ್ರಭಾಗವೇ ಇದ್ದರೂ, ಅಲಂಕಾರಗ್ರಂಥಗಳನ್ನು ಪಾಠ ಹೇಳುವಲ್ಲಿ ಅದನ್ನು ಉಪೇಕ್ಷಿಸುವುದೇ ವಾಡಿಕೆಯಾಗಿದೆ.

ಈಗ ಈ ಉಪೇಕ್ಷೆಯನ್ನು ಬಿಡಬೇಕಾದ ಕಾಲ ಬಂದಿದೆ. ಕಾಲೇಜುಗಳ ರಚನಾಶಿಕ್ಷಣದಲ್ಲಿ ಬರೆಹದೊಡನೆ ಚಿತ್ರ, ಧ್ವನಿಮುದ್ರಣ, ಚಲಚ್ಚಿತ್ರಗಳೂ ಸೇರಿಕೊಂಡಿವೆ. ಇದಕ್ಕೆ ಬಹುಮಾಧ್ಯಮ ರಚನೆಯೆಂದು ಹೆಸರು. ಇನ್ನೊಂದು ಕಡೆ, ಬರೆದವನ ಕೈಯಿಲ್ಲದೆಯೇ ಬರೆಹವನ್ನು ಹೊಮ್ಮಿಸುವ ಯಂತ್ರಗಳೂ ವಿದ್ಯಾರ್ಥಿಗಳಿಗೆ ಸುಲಭವಾಗಿವೆ. ಈ ಎರಡು ಹೊಸ ಸಂಗತಿಗಳ ನಡುವೆ ವಿದ್ಯಾರ್ಥಿಯ ಬೆಳೆವಣಿಗೆಯನ್ನು ಅಳೆಯುವ ಮಾನದಂಡ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗುವುದು. ಇದಕ್ಕೆ ಮುಖ್ಯಾಧಾರವಾಗಿ ರಾಜಶೇಖರನ ಕಾವ್ಯಮೀಮಾಂಸೆಯನ್ನು ಇಟ್ಟುಕೊಂಡಿದ್ದೇನೆ. ಹತ್ತನೆಯ ಶತಮಾನದ ಆದಿಭಾಗಕ್ಕೆ ಸೇರಿದ ಈ ಗ್ರಂಥದಲ್ಲಿ ನಮಗೆ ದೊರೆತಿರುವುದು ಕವಿರಹಸ್ಯವೆಂಬ ಮೊದಲನೆಯ ಅಧಿಕರಣ ಮಾತ್ರ. ಅದರಲ್ಲಿ ೧೮ ಅಧ್ಯಾಯಗಳುಂಟು. ೧೯೧೬ರಲ್ಲಿ ಅದು ಬಡೋದೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಗ್ರಂಥವಾಗಿ ಅಚ್ಚಾಯಿತು. ಇದರೊಡನೆ ಅಮೆರಿಕೆಯ ರಚನಾಶಿಕ್ಷಣಜ್ಞರ ಕೆಲವು ಮತಗಳನ್ನು ಹೋಲಿಸಿ ನೋಡಿದರೆ, ಹೊಸದೆಂದು ತೋರುವುದರಲ್ಲಿ ಎಷ್ಟು ಹಳೆಯದು, ಹಳೆಯದೆಂದು ಬಿಟ್ಟುದರಲ್ಲಿ ಎಷ್ಟು ಇಂದಿಗೂ ಬೇಕಾದುದು ಎಂಬುದು ವಿಶದವಾಗುವುದು.

೨

ಮೊದಲು ಒಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ಬರೆವಣಿಗೆ ಹುಟ್ಟಿನಿಂದ ಬರತಕ್ಕದ್ದು, ಕಲಿಸಿ ಬರತಕ್ಕದ್ದಲ್ಲ. ಆದುದರಿಂದ ಬೆಳೆವಣಿಗೆಯ ಮಾತೇ ವ್ಯರ್ಥ, ಎಂದು ಕೆಲವರು ಹೇಳುವರು. ಈ ಮತಕ್ಕೆ ನಮ್ಮ ಆಲಂಕಾರಿಕರ ಸಮ್ಮತಿಯಿಲ್ಲ. ದಂಡಿಯು ಸಹಜವಾದ ಪ್ರತಿಭೆ, ನಿರ್ಮಲವಾದ ಶ್ರುತ, ಎಡೆಬಿಡದ ಅಭಿಯೋಗ ಈ ಮೂರನ್ನೂ ಕಾವ್ಯಸಂಪತ್ತಿಗೆ ಕಾರಣವೆಂದು ಹೇಳಿ, ಪೂರ್ವವಾಸನೆಯಿಂದ ಬಂದ ಪ್ರತಿಭೆ ಇಲ್ಲದಿದ್ದರೂ ಓದಿನಿಂದಲೂ ಯತ್ನದಿಂದಲೂ ಉಪಾಸಿಸಿದವನಿಗೆ ವಾಗ್ದೇವಿಯು ಕೊಂಚವಾದರೂ ಅನುಗ್ರಹಿಸದೆ ಇರಳೆಂದು ಧೈರ್ಯ ಹೇಳುತ್ತಾನೆ. ಮಮ್ಮಟನು ಶಕ್ತಿ, ನಿಪುಣತೆ, ಬಲ್ಲವರ ಶಿಕ್ಷೆಯಿಂದಾಗುವ ಅಭ್ಯಾಸ ಇವು ಮೂರು ಬಿಡಿಬಿಡಿ ಕಾರಣಗಳಲ್ಲ, ಕೂಡಿಯೇ ಒಂದು ಕಾರಣವೆಂದು ನಿಷ್ಕರ್ಷಿಸುತ್ತಾನೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕವಿಕಂಠಾಭರಣದಲ್ಲಿ ಶಿಷ್ಯರನ್ನು ಅಲ್ಪಪ್ರಯತ್ನಸಾಧ್ಯ, ಕೃಚ್ಛ್ರಸಾಧ್ಯ, ಅಸಾಧ್ಯರೆಂದು ಮೂರಾಗಿ ವಿಂಗಡಿಸಿ, ಮೊದಲಿನ ಇಬ್ಬರಿಗೆ ಬೇರೆಬೇರೆ ಕ್ರಮಗಳನ್ನು ವಿಧಿಸುತ್ತಾನೆ.

ಕನ್ನಡದಲ್ಲಿಯೂ ಹೀಗೆಯೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಈ ನಾಡಿನ ಜನರು ವಿಧ್ಯುಕ್ತವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೊಗಳಿತು. ಈ ಹೊಗಳಿಕೆಯನ್ನು ನಾವೆಲ್ಲರೂ ಅಭಿಮಾನದಿಂದ ಉದ್ಧರಿಸುವುದುಂಟು. ಆದರೆ ಹಾಗೆ ಹೊಗಳಿದ ಗ್ರಂಥವೇ ಸುಮ್ಮನಾಗದೆ ಮೂರು ಪರಿಚ್ಛೇದಗಳಲ್ಲಿ ದೋಷಾದೋಷಗಳನ್ನೂ ಶಬ್ದಾರ್ಥಾಲಂಕಾರಗಳನ್ನೂ ವಿಸ್ತರಿಸಿತೆಂಬುದನ್ನು ಮರೆಯುತ್ತೇವೆ. ಸಹಜಶಕ್ತಿ ಇದ್ದಮಾತ್ರಕ್ಕೆ ಶಿಕ್ಷೆ ಬೇಡವೆಂದು ಆ ಗ್ರಂಥಕಾರನು ಎಣಿಸಲಿಲ್ಲ. ಸಹಜಶಕ್ತಿ ಉಂಟಾದುದರಿಂದಲೇ ಶಿಕ್ಷೆ ಸಾರ್ಥಕವೆಂದು ಎಣಿಸಿದನು.

ಇನ್ನು, ಕವಿಶಿಕ್ಷೆಯು ಕವಿಗಳಿಗೆ ಹೇಳಿದುದು, ಕಾಲೇಜಿನ ವಿದ್ಯಾರ್ಥಿ ಬರೆಯುವುದು ಗದ್ಯಪ್ರಬಂಧವನ್ನು. ಇವೆರಡಕ್ಕೂ ಏನು ಸಂಬಂಧ, ಎಂದು ಕೇಳಬಹುದು. ನಮ್ಮ ಶಾಸ್ತ್ರದಲ್ಲಿ ಕಾವ್ಯವೆಂಬ ಮಾತು ಪದ್ಯಕ್ಕೆ ಮೀಸಲಾದುದಲ್ಲ. ವಾಮನನು ಗದ್ಯವನ್ನೂ ಕಾವ್ಯಭೇದವಾಗಿಯೇ ಎಣಿಸುತ್ತಾನೆ. ರಾಜಶೇಖರನು ಶಾಸ್ತ್ರಕವಿಯೆಂಬ ವರ್ಗವನ್ನೇ ಹೇಳುತ್ತಾನೆ. ಪಾಶ್ಚಾತ್ಯರು ರೆಟರಿಕ್ ಎಂದು ಕರೆಯುವ ವಾಗ್ಮಿತಾಶಾಸ್ತ್ರವು ಸಭೆಯಲ್ಲಿ ಒಪ್ಪಿಸುವ ಮಾತಿನಿಂದ ಹುಟ್ಟಿತು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಕ್ವಿಂಟಿಲಿಯನ್ ಎಂಬ ರೋಮನ್ ಆಚಾರ್ಯನು ೧೨ ಪುಸ್ತಕಗಳಲ್ಲಿ ವಾಗ್ಮಿಯ ಶಿಕ್ಷಣವನ್ನು ಬಾಲ್ಯದಿಂದಾರಂಭಿಸಿ ವಿವರಿಸಿ, ವಿಷಯವನ್ನು ಕಂಡುಕೊಳ್ಳುವುದು, ಅಣಿಗೊಳಿಸುವುದು, ನುಡಿಗೊಳಿಸುವುದು, ನೆನಪಿನಲ್ಲಿಡುವುದು, ಸಭೆಯಲ್ಲಿ ಒಪ್ಪಿಸುವುದು ಎಂಬ ಐದು ಅಂಗಗಳನ್ನು ನಿರೂಪಿಸಿದನು. ನಮ್ಮದು ಸಹೃದಯನನ್ನು ಮುಂದಿಟ್ಟುಕೊಂಡು ಹೊರಟಿತು, ಅವರದು ನ್ಯಾಯಸಭೆಯನ್ನು ಮುಂದಿಟ್ಟುಕೊಂಡು ಹೊರಟಿತು. ಆದರೂ ಕಲಿಯುವವನು ಹಂತಹಂತವಾಗಿ ಬೆಳೆಯುವನೆಂಬಲ್ಲಿ ಉಭಯರಿಗೂ ಭೇದವಿಲ್ಲ.

೩

ಆ ಹಂತಗಳು ಯಾವುವು ಎಂಬುದೇ ಮುಖ್ಯವಾದುದು. ರಾಜಶೇಖರನು ಐದನೆಯ ಅಧ್ಯಾಯದಲ್ಲಿ ಕವಿಗೆ ಹತ್ತು ಅವಸ್ಥೆಗಳನ್ನು ಹೇಳುತ್ತಾನೆ. ಅವುಗಳಲ್ಲಿ ಮೂರು ಮಂತ್ರೋಪದೇಶಾದಿಗಳಿಂದ ಶಕ್ತಿ ಪಡೆದವರಿಗೆ ಸೇರಿದುವಾದುದರಿಂದ ನಮಗೆ ಇಲ್ಲಿ ಅಪ್ರಕೃತ. ಉಳಿದ ಏಳು ಬುದ್ಧಿವಂತನಿಗೂ ಕಲಿತು ಬುದ್ಧಿ ತಂದುಕೊಂಡವನಿಗೂ ಸಾಧಾರಣವಾದುವು. ಕವಿಯಾಗಬೇಕೆಂಬ ಆಸೆಯಿಂದ ಗುರುಕುಲದಲ್ಲಿ ವಿದ್ಯೋಪವಿದ್ಯೆಗಳನ್ನು ಕಲಿಯುವವನು ಕಾವ್ಯವಿದ್ಯಾಸ್ನಾತಕ. ಮನಸ್ಸಿನಲ್ಲಿಯೇ ರಚಿಸಿ ಮುಚ್ಚಿಟ್ಟುಕೊಳ್ಳುವವನು ಹೃದಯಕವಿ. ತಾನು ರಚಿಸಿದ್ದರೂ ದೋಷ ಹೊರಬಿದ್ದೀತೆಂಬ ಭಯದಿಂದ ಮತ್ತೊಬ್ಬರದೆಂದು ಹೇಳಿ ಓದುವವನು ಅನ್ಯಾಪದೇಶಿ. ನುಡಿ ಕೂಡಿಬಂದಮೇಲೆ ಹಿಂದಿನವರಲ್ಲಿ ಒಬ್ಬನ ನೆರಳನ್ನು ಹಿಡಿದು ನಡೆಯುವವನು ಸೇವಿತಾ. ಬಿಡಿಬಿಡಿಯಾಗಿ ನಿರ್ದುಷ್ಟವಾಗಿ ಬರೆಯಬಲ್ಲನಾದರೂ ಒಂದು ಪ್ರಬಂಧವಾಗಿ ಕಟ್ಟಲಾರದವನು ಘಟಮಾನ. ಒಂದು ಬಗೆಯ ಪ್ರಬಂಧದಲ್ಲಿ ಪ್ರವೀಣನಾದವನು ಮಹಾಕವಿ. ಹಲವು ಭಾಷೆ, ಹಲವು ಪ್ರಬಂಧ, ಹಲವು ರಸಗಳಲ್ಲಿ ಸ್ವತಂತ್ರನಾದವನು ಕವಿರಾಜ.

ಈ ಪಟ್ಟಿಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ಇಲ್ಲಿ ರಾಜಶೇಖರನು ಮೊದಲಿನ ಮೂರು ಅವಸ್ಥೆಗಳಲ್ಲಿ ಕೃತಿಯ ಗುಣವನ್ನು ಎತ್ತುವುದೇ ಇಲ್ಲ. ಹೃದಯಕವಿಯ ಪದ್ಯ ಒಳ್ಳೆಯದೋ ಕೆಟ್ಟದೋ ಎಂಬ ಮಾತಿಲ್ಲ. ಅವನು ಅದನ್ನು ಮುಚ್ಚಿಡುತ್ತಾನೆಂಬುದೇ ಲಕ್ಷಣ. ಅನ್ಯಾಪದೇಶಿಯು ಹೃದಯಕವಿಗಿಂತ ಒಂದು ಮೆಟ್ಟಿಲು ಮೇಲೆ ಹೇಗಾದನು? ಅವನ ಪದ್ಯ ಮೇಲಾದುದರಿಂದಲ್ಲ. ಅವನ ಪದ್ಯವು ಪರರ ಕಿವಿಗೆ ಬಿದ್ದುದರಿಂದ. ಸೇವಿತೃವು ಭಯವನ್ನು ಬಿಟ್ಟನು, ಆದರೆ ಆಸರೆಯನ್ನು ಬಿಡಲಿಲ್ಲ. ಘಟಮಾನನು ಆಸರೆಯನ್ನು ಬಿಟ್ಟನು, ಆದರೆ ಕಟ್ಟುವುದನ್ನು ಅರಿಯನು. ಹೀಗೆ ಪ್ರತಿಯೊಂದು ಅವಸ್ಥೆಯೂ ತನ್ನ ಬರೆಹಕ್ಕೂ ತನಗೂ, ತನ್ನ ಬರೆಹಕ್ಕೂ ಕೇಳುವವರಿಗೂ ಇರುವ ಸಂಬಂಧದ ಒಂದೊಂದು ಮಾರ್ಪಾಟು. ಬೆಳೆವಣಿಗೆಯೆಂದರೆ ಈ ಸಂಬಂಧದ ಬೆಳೆವಣಿಗೆಯೇ ಎಂಬುದು ಇದರಿಂದ ಫಲಿಸುತ್ತದೆ. ಕಾಲೇಜಿನಲ್ಲಿ ಪಾಠ ಹೇಳಿದವರೆಲ್ಲರೂ ಈ ಐದು ಮಂದಿಯನ್ನೂ ತಮ್ಮ ತರಗತಿಯಲ್ಲಿ ಬೆಂಚಿನ ಮೇಲೆ ಕುಳಿತವರಾಗಿಯೇ ಕಂಡಿರಬಹುದು.

ಕನ್ನಡದ ಈಚಿನ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಇಂಗ್ಲಿಷ್ ಕವಿಗಳನ್ನು ಅನುಸರಿಸಿ ಇಂಗ್ಲಿಷಿನಲ್ಲಿಯೇ ಪದ್ಯಗಳನ್ನು ರಚಿಸಿ ೧೯೨೨ರಲ್ಲಿ ಬಿಗಿನರ್ಸ್ ಮ್ಯೂಸ್ ಎಂಬ ಸಣ್ಣ ಸಂಗ್ರಹವನ್ನು ಪ್ರಕಟಿಸಿದರು. ೧೯೨೪ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ತಮ್ಮ ನುಡಿಯಲ್ಲಿ ಬರೆಯುವಂತೆ ಅವರಿಗೆ ಸೂಚಿಸಿದರು. ಮುಂದಿನದು ಎಲ್ಲರಿಗೂ ತಿಳಿದ ವಿಷಯ. ಇಲ್ಲಿ ಗಮನಿಸತಕ್ಕದ್ದು, ಇಂಗ್ಲಿಷ್ ಪದ್ಯಗಳು ವ್ಯರ್ಥವಾದುವೆಂಬುದನ್ನಲ್ಲ. ಸೇವಿತೃವಿನ ಅವಸ್ಥೆಯನ್ನು ಹಾದುಹೋಗದೆ ಸ್ವತಂತ್ರಾವಸ್ಥೆ ಬಾರದೆಂಬುದನ್ನು, ಸರಿಯಾದ ಹೊತ್ತಿಗೆ ಬಲ್ಲವನೊಬ್ಬನ ಒಂದು ಮಾತು ಆ ದಾಟುವಿಕೆಗೆ ಕಾರಣವಾಗಬಹುದೆಂಬುದನ್ನು. ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಪ್ರಯತ್ನದಿಂದ ಪ್ರಬುದ್ಧ ಕರ್ಣಾಟಕ ಹೊರಟಿತಷ್ಟೆ. ಕಾಲೇಜಿನ ಸಂಘವೊಂದು ಪತ್ರಿಕೆಯನ್ನು ನಡೆಸಿದರೆ ಹೃದಯಕವಿಗಳಿಗೆ ಹೊರಗೆ ಬರಲು ಬಾಗಿಲು ದೊರೆಯುತ್ತದೆ. ರಾಜಶೇಖರನು ಹೇಳಿದ ಕಾವ್ಯಗೋಷ್ಠಿಯ ಕೆಲಸವೂ ಇದೇ.

೪

ಅವಸ್ಥೆಯಿಂದ ಅವಸ್ಥೆಗೆ ಹೋಗುವ ಉಪಾಯವೇನು? ಹತ್ತನೆಯ ಅಧ್ಯಾಯದಲ್ಲಿ ರಾಜಶೇಖರನು ಕವಿಯ ದಿನಚರಿಯನ್ನು ಪ್ರಹರಗಳಾಗಿ ಹಂಚುತ್ತಾನೆ. ಹಗಲಿನ ಮೊದಲನೆಯ ಪ್ರಹರದಲ್ಲಿ ವಿದ್ಯೆಗಳ ಅನುಶೀಲನ, ಎರಡನೆಯದರಲ್ಲಿ ರಚನೆ, ಊಟವಾದ ಬಳಿಕ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಬೆಳಗ್ಗೆ ಬರೆದುದರ ಪರೀಕ್ಷೆ. ಈ ಪರೀಕ್ಷೆಯನ್ನು ಒಬ್ಬನೇ ಮಾಡಬೇಕು, ಅಥವಾ ಮಿತವಾದ ಪರಿಷತ್ತಿನಲ್ಲಿ ಮಾಡಬೇಕು. ಬರೆಯುವಾಗಲೇ ಏಕೆ ಪರೀಕ್ಷಿಸಬಾರದೆಂದರೆ, ರಸಾವೇಶದಿಂದ ರಚಿಸುತ್ತಿರುವವನಿಗೆ ವಿವೇಚಿಸುವ ಕಣ್ಣಿರುವುದಿಲ್ಲ ಎಂದು ಕಾರಣವನ್ನು ಕೊಡುತ್ತಾನೆ. ಪರೀಕ್ಷೆಯಲ್ಲಿ ಮಾಡತಕ್ಕ ಕೆಲಸ ನಾಲ್ಕು: ಹೆಚ್ಚಾದುದನ್ನು ತ್ಯಜಿಸುವುದು, ಕಡಮೆಯಾದುದನ್ನು ತುಂಬುವುದು, ಬೇರೆಯಾಗಿ ನಿಂತುದನ್ನು ಮಾರ್ಪಡಿಸುವುದು, ಮರೆತುದನ್ನು ಅನುಸಂಧಾನ ಮಾಡಿಕೊಳ್ಳುವುದು.

ಇದರ ಪಕ್ಕದಲ್ಲಿ ಅಮೆರಿಕೆಯ ಅನುಭವವನ್ನಿಟ್ಟು ನೋಡೋಣ. ಅಲ್ಲಿಯ ಹಾರ್ವರ್ಡ್ ವಿದ್ಯಾಪೀಠವು ೧೮೭೪ರಲ್ಲಿ ಪ್ರವೇಶಪರೀಕ್ಷೆಗೆ ಇಂಗ್ಲಿಷ್ ರಚನೆಯನ್ನು ಸೇರಿಸಿತು. ೧೮೮೫ರಿಂದ ಮೊದಲ ವರ್ಷದವರಿಗೆ ರಚನಾಪಾಠವೊಂದು ಏರ್ಪಟ್ಟು, ಕಾಲಕ್ರಮದಲ್ಲಿ ದೇಶದ ಕಾಲೇಜುಗಳಿಗೆ ಮಾದರಿಯಾಯಿತು. ಬಹುಕಾಲ ಅಲ್ಲಿ ತಿದ್ದುವುದೆಂದರೆ ಮುಗಿದ ಲೇಖನದ ಮೇಲೆ ಉಪಾಧ್ಯಾಯನು ಕೆಂಪುಶಾಯಿಯಿಂದ ಗುರುತು ಹಾಕುವುದೆಂದೇ ಭಾವನೆಯಿತ್ತು. ೧೯೭೦ರ ದಶಕದಲ್ಲಿ ಈ ಭಾವನೆ ಅಲುಗಿತು. ಬರೆಹವನ್ನು ಫಲವಾಗಿ ಅಲ್ಲ, ವ್ಯಾಪಾರವಾಗಿ ಕಲಿಸಬೇಕೆಂದು ೧೯೭೨ರಲ್ಲಿ ಡೊನಾಲ್ಡ್ ಮರ್ರೇ ಎಂಬುವರು ವಾದಿಸಿದರು. ೧೯೮೦ರಲ್ಲಿ ನ್ಯಾನ್ಸಿ ಸಾಮರ್ಸ್ ಎಂಬ ವಿದುಷಿಯು ೨೦ ಮಂದಿ ವಿದ್ಯಾರ್ಥಿಗಳನ್ನೂ ೨೦ ಮಂದಿ ಪಳಗಿದ ಬರೆಹಗಾರರನ್ನೂ ತೆಗೆದುಕೊಂಡು, ಪ್ರತಿಯೊಬ್ಬರಿಂದಲೂ ಮೂರು ಪ್ರಬಂಧಗಳನ್ನು ಬರೆಯಿಸಿ, ಒಂದೊಂದನ್ನೂ ಎರಡು ಸಲ ತಿದ್ದಿಸಿ, ಆ ತಿದ್ದುಪಡಿಗಳನ್ನು ವರ್ಗೀಕರಿಸಿ ಪ್ರಕಟಿಸಿದರು. ಅವರು ಕಂಡ ವ್ಯಾಪಾರಗಳೂ ನಾಲ್ಕೇ: ತೆಗೆಯುವುದು, ಬದಲಿಸುವುದು, ಸೇರಿಸುವುದು, ಸ್ಥಾನ ಬದಲಾಯಿಸುವುದು. ವಿದ್ಯಾರ್ಥಿಗಳು ತಿದ್ದುವುದೆಂದರೆ ಮಾತಿಗೆ ಮಾತು ಬದಲಿಸುವುದೆಂದು ತಿಳಿದಿದ್ದರು. ಪಳಗಿದವರು ವಾದದ ಆಕಾರವನ್ನೇ ಮತ್ತೆ ಹುಡುಕುತ್ತಿದ್ದರು, ಓದುವವನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಎರಡು ಪಟ್ಟಿಗಳಲ್ಲಿ ಮೂರು ಒಂದಕ್ಕೊಂದು ಹೊಂದುವುದು ಸ್ಪಷ್ಟ. ಹೊಂದದಿರುವ ನಾಲ್ಕನೆಯದರಲ್ಲಿಯೇ ವಿಚಾರವಿದೆ. ಸಾಮರ್ಸರಲ್ಲಿ ಇರುವ ಬದಲಿಕೆಯನ್ನು ರಾಜಶೇಖರನು ಪ್ರತ್ಯೇಕವಾಗಿ ಹೇಳಲಿಲ್ಲ. ಪದಗಳನ್ನು ಇಟ್ಟು ತೆಗೆದು ನೋಡುವ ಅವೇಕ್ಷಣವೆಂಬ ಹೆಸರಿನಿಂದ ಅದನ್ನು ವಾಮನನು ಆಗಲೇ ಹೇಳಿದ್ದನು. ರಾಜಶೇಖರನಲ್ಲಿ ಇರುವ ಮರೆತುದರ ಅನುಸಂಧಾನವಾದರೋ ಹೊಸ ಪಟ್ಟಿಯಲ್ಲಿಲ್ಲ. ಇದು ಕಾಗದದ ಮೇಲೆ ಕಾಣುವ ವ್ಯಾಪಾರವಲ್ಲವಾದುದರಿಂದ ಕಾಗದವನ್ನು ಪರೀಕ್ಷಿಸುವವರ ಎಣಿಕೆಗೆ ಸಿಕ್ಕುವಂತಹುದೂ ಅಲ್ಲ. ಬರೆಯಲು ಕುಳಿತಾಗ ಹೇಳಬೇಕೆಂದು ಇದ್ದುದು ಏನು, ಬರೆಯುತ್ತ ಬರೆಯುತ್ತ ಕೈತಪ್ಪಿಹೋದುದು ಏನು ಎಂಬುದನ್ನು ಕರ್ತೃವೊಬ್ಬನೇ ಬಲ್ಲನು. ಉಪಾಧ್ಯಾಯನು ಕೆಂಪುಶಾಯಿಯಿಂದ ಹೆಚ್ಚಾದುದನ್ನು ಹೊಡೆದುಹಾಕಬಹುದು, ಕಡಮೆಯಾದುದನ್ನು ಸೂಚಿಸಬಹುದು, ಆದರೆ ಮರೆತುದನ್ನು ನೆನೆಯುವ ಕೆಲಸ ವಿದ್ಯಾರ್ಥಿಯದೇ. ಆದುದರಿಂದ ಬೆಳೆವಣಿಗೆಯ ಅತ್ಯಂತ ಒಳಗಿನ ಗುರುತು ಇದು ಎಂದು ನನ್ನ ಮತ.

೫

ಇಲ್ಲಿ ಒಂದು ಹಳೆಯ ವಿವಾದವು ನಮ್ಮ ನೆರವಿಗೆ ಬರುತ್ತದೆ. ರಚನೆಯ ಪರಿಪಾಕವೆಂದರೇನು? ವಾಮನನ ಪರಂಪರೆಯವರು, ಪದಗಳು ಬದಲಿಕೆಯನ್ನು ಸಹಿಸದಂತಹ ಸ್ಥಿತಿಯೇ ಪಾಕವೆಂದು ಹೇಳಿದರು. ಒಂದು ಪದವನ್ನು ತೆಗೆದು ಪರ್ಯಾಯಪದವನ್ನಿಟ್ಟರೆ ಕೆಡುವುದಾದರೆ ಆ ರಚನೆ ಪಕ್ವವೆಂದು ತಾತ್ಪರ್ಯ. ರಾಜಶೇಖರನು ಈ ಮತವನ್ನು ಹೇಳಿ, ತನ್ನ ಪತ್ನಿಯಾದ ಅವಂತಿಸುಂದರಿಯ ಆಕ್ಷೇಪವನ್ನು ಎತ್ತಿಕೊಡುತ್ತಾನೆ. ಬದಲಿಸಲಾರದುದು ಅಶಕ್ತಿಯೇ ಹೊರತು ಪಾಕವಲ್ಲವೆಂದು ಆಕೆಯ ಮತ. ಒಂದೇ ವಸ್ತುವಿನಲ್ಲಿ ಮಹಾಕವಿಗಳಿಗೆ ಅನೇಕ ಪಾಠಗಳು ಪಕ್ವವಾಗಿಯೇ ಒದಗುವುವು. ಆದುದರಿಂದ ರಸಕ್ಕೆ ಉಚಿತವಾಗುವಂತೆ ಶಬ್ದಾರ್ಥಗಳನ್ನು ಹೆಣೆಯುವುದೇ ಪಾಕ. ಕಾವ್ಯಮೀಮಾಂಸೆಯಲ್ಲಿ ಹೆಸರಿನೊಡನೆ ಉಳಿದುಬಂದಿರುವ ಈ ವಿದುಷಿಯ ಮತ ರಚನಾಶಿಕ್ಷಣಕ್ಕೆ ಎಷ್ಟು ಪ್ರಯೋಜಕವೆಂಬುದನ್ನು ಇನ್ನೂ ಯಾರೂ ಸಾಕಷ್ಟು ಗಣಿಸಿದಂತೆ ತೋರುವುದಿಲ್ಲ.

ವಾಮನೀಯರ ಲಕ್ಷಣ ಕೃತಿಯಲ್ಲಿ ಪಾಕವನ್ನು ಇಡುತ್ತದೆ. ಅವಂತಿಸುಂದರಿಯ ಲಕ್ಷಣ ಕರ್ತೃವಿನಲ್ಲಿ ಇಡುತ್ತದೆ. ಮುಗಿದ ಕೃತಿಯನ್ನು ಸವಿಯುವ ಸಹೃದಯನಿಗೆ ಮೊದಲನೆಯದು ಸಾಕು. ವಿದ್ಯಾರ್ಥಿಯನ್ನು ಬೆಳೆಸಬೇಕಾದ ಗುರುವಿಗೆ ಎರಡನೆಯದೇ ಬೇಕು. ತಾನು ಬರೆದ ವಾಕ್ಯವನ್ನು ಒಂದೇ ರೀತಿಯಲ್ಲಿ ಬಲ್ಲವನು ಅದನ್ನು ಆರಿಸಿಕೊಂಡವನಲ್ಲ, ಅದಕ್ಕೆ ಸಿಕ್ಕಿಬಿದ್ದವನು. ಅದನ್ನೇ ನಾಲ್ಕು ರೀತಿಯಲ್ಲಿ ಹೇಳಬಲ್ಲವನು ಒಂದನ್ನು ಇಟ್ಟುಕೊಂಡರೆ, ಆ ಇಟ್ಟುಕೊಳ್ಳುವಿಕೆಯಲ್ಲಿ ವಿವೇಕವಿದೆ. ಕ್ಷೇಮೇಂದ್ರನು ಶ್ರೇಷ್ಠಕವಿಯ ಶ್ಲೋಕದಲ್ಲಿ ಪದಗಳನ್ನು ಬದಲಿಸಿ ಅಭ್ಯಾಸ ಮಾಡಬೇಕೆಂದು ವಿಧಿಸಿರುವುದರ ಆಶಯವೂ ಇದೇ. ಬದಲಿಸಿದ ಶ್ಲೋಕ ಮೂಲಕ್ಕಿಂತ ಮೇಲಾಗಲೆಂದಲ್ಲ, ಬದಲಿಸುವವನಿಗೆ ಮೂಲದ ಆಯ್ಕೆಯ ಕಾರಣ ಹೊಳೆಯಲೆಂದು.

೬

ಬಹುಮಾಧ್ಯಮ ರಚನೆಯ ಪ್ರಶ್ನೆಗೆ ಇಲ್ಲಿಂದಲೇ ದಾರಿ. ೧೯೯೪ರಲ್ಲಿ ಅಮೆರಿಕೆಯ ನ್ಯೂ ಲಂಡನ್ ಎಂಬ ಊರಿನಲ್ಲಿ ಸೇರಿದ ಶಿಕ್ಷಣಜ್ಞರ ಒಂದು ಮಂಡಲಿಯು ೧೯೯೬ರಲ್ಲಿ ಪ್ರಬಂಧವೊಂದನ್ನು ಹೊರಡಿಸಿತು. ಅರ್ಥವು ಭಾಷೆ, ದೃಶ್ಯ, ಶ್ರವಣ, ಆಂಗಿಕ, ಸ್ಥಳವಿನ್ಯಾಸ ಎಂಬ ಐದು ಬಗೆಗಳಿಂದ ಹುಟ್ಟುತ್ತದೆ, ಇವು ಒಂದರೊಡನೊಂದು ಸೇರಿಯೂ ನಡೆಯುತ್ತವೆ, ಆದುದರಿಂದ ಅಕ್ಷರಸ್ಥನೆಂದರೆ ಇವೆಲ್ಲವನ್ನೂ ಬಲ್ಲವನೆಂದು ಅದರ ಸಾರಾಂಶ. ೨೦೦೪ರಲ್ಲಿ ಅಲ್ಲಿಯ ಕಾಲೇಜು ರಚನಾಶಿಕ್ಷಕರ ಪರಿಷತ್ತಿನ ಅಧ್ಯಕ್ಷಿಣಿ ಕ್ಯಾಥ್ಲೀನ್ ಬ್ಲೇಕ್ ಯಾನ್ಸಿಯವರು, ರಚನೆಯು ಮಾತುಗಳಿಂದ ಮಾತ್ರ ಆಗತಕ್ಕದ್ದಲ್ಲವೆಂದು ಸಾರಿದರು.

ಚಿತ್ರವನ್ನೂ ಧ್ವನಿಯನ್ನೂ ರಚನೆಯೆನ್ನುವುದು ಶಾಸ್ತ್ರಕ್ಕೆ ಹೊರಗೆಂದು ನಮ್ಮಲ್ಲಿ ಹುಬ್ಬುಗಂಟಿಕ್ಕುವವರುಂಟು. ಅವರು ನಮ್ಮ ಶಾಸ್ತ್ರವನ್ನೇ ಮತ್ತೊಮ್ಮೆ ನೋಡಬೇಕು. ಭರತನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಅಭಿನಯಗಳನ್ನು ಹೇಳಿ ಮಾತನ್ನು ಅವುಗಳಲ್ಲಿ ಒಂದಾಗಿ ಎಣಿಸಿದನು. ವಾಮನನು ಪ್ರಬಂಧಗಳಲ್ಲಿ ದಶರೂಪಕವೇ ಶ್ರೇಷ್ಠವೆಂದು ಹೇಳಿ, ಅದು ಚಿತ್ರಪಟದಂತೆ ಎಲ್ಲ ವಿಶೇಷಗಳಿಂದಲೂ ತುಂಬಿರುವುದೇ ಕಾರಣವೆಂದನು. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿ ವಜ್ರನು ಪ್ರತಿಮಾಲಕ್ಷಣವನ್ನು ಕೇಳಿದಾಗ ಮಾರ್ಕಂಡೇಯನು, ಅದಕ್ಕೆ ಚಿತ್ರಸೂತ್ರ ಬೇಕು, ಚಿತ್ರಕ್ಕೆ ನೃತ್ತ ಬೇಕು, ನೃತ್ತಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು ಎಂದು ಹಿಂದುಹಿಂದಕ್ಕೆ ಕರೆದುಕೊಂಡುಹೋಗಿ, ಕಡೆಗೆ ಭಾಷೆಯ ವಿಚಾರಕ್ಕೆ ತಂದು ನಿಲ್ಲಿಸುತ್ತಾನೆ. ಕ್ಷೇಮೇಂದ್ರನ ನೂರು ಶಿಕ್ಷೆಗಳಲ್ಲಿ ನಾಟಕಾಭಿನಯವನ್ನು ನೋಡುವುದು, ಗೀತದಿಂದ ಮನಸ್ಸನ್ನು ಸಂಸ್ಕರಿಸುವುದು, ಒಳ್ಳೆಯ ಚಿತ್ರಗಳನ್ನು ನಿರೀಕ್ಷಿಸುವುದು, ಶಿಲ್ಪಿಗಳ ಕೈಚಳಕವನ್ನು ಗಮನಿಸುವುದು ಸೇರಿವೆ. ನಮ್ಮ ನಾಡಿನಲ್ಲಿಯೂ ಯಕ್ಷಗಾನದ ಒಂದೇ ಪ್ರಸಂಗವು ಆಟದಲ್ಲಿ ವೇಷ ಕುಣಿತಗಳೊಡನೆ ಒಂದು ರೂಪವನ್ನೂ, ವೇಷ ಕುಣಿತಗಳನ್ನು ಬಿಟ್ಟು ಅರ್ಥಗಾರಿಕೆಯನ್ನೇ ನಂಬಿದ ತಾಳಮದ್ದಲೆಯಲ್ಲಿ ಮತ್ತೊಂದು ರೂಪವನ್ನೂ ತಾಳುವುದು ಎಲ್ಲರಿಗೂ ಪರಿಚಿತ. ಅದೇ ಪದ್ಯ, ಅದೇ ಕಥೆ. ಆದರೆ ಕಣ್ಣಿಗೆ ಹೇಳುತ್ತಿದ್ದುದನ್ನು ಕಿವಿಗೆ ಹೇಳಬೇಕಾದಾಗ ಅರ್ಥಧಾರಿಯು ವಾದದ ಸೂಕ್ಷ್ಮಗಳನ್ನು ಹೊಸದಾಗಿ ಕಂಡುಕೊಳ್ಳಬೇಕಾಗುತ್ತದೆ. ಅವಂತಿಸುಂದರಿ ಹೇಳಿದ ಪಾಕಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯವಿಲ್ಲ.

ನ್ಯೂ ಲಂಡನ್ ಮಂಡಲಿಯ ಮತದಲ್ಲಿ ನನಗೆ ತೋರುವ ಕೊರತೆ ಒಂದೇ. ಅವರು ಐದು ಬಗೆಗಳನ್ನು ಒಪ್ಪವಾಗಿ ಎಣಿಸಿದರು, ಕೈಗೆ ಸಿಕ್ಕ ಮಾದರಿಗಳನ್ನು ಕಲಿಯುವವನು ಹೊಸದಾಗಿ ಮಾರ್ಪಡಿಸುವನೆಂದೂ ಸರಿಯಾಗಿಯೇ ಹೇಳಿದರು. ಆದರೆ ಒಂದು ರಚನೆಯಲ್ಲಿ ಇವುಗಳಲ್ಲಿ ಯಾವುದು ಅಂಗಿ, ಯಾವುದು ಅಂಗ ಎಂಬುದನ್ನು ನಿಶ್ಚಯಿಸುವ ಮಾನದಂಡ ಅವರ ಎಣಿಕೆಯಿಂದ ಹುಟ್ಟುವುದಿಲ್ಲ. ಈ ಅಂಗಾಂಗಿಭಾವವನ್ನು ನಮಗೆ ಆನಂದವರ್ಧನನು ಪ್ರಬಂಧಗತವಾದ ರಸಗಳ ವಿಷಯದಲ್ಲಿ ನಿರೂಪಿಸಿದ್ದಾನೆ. ಅದನ್ನೇ ಮಾಧ್ಯಮಗಳಿಗೂ ಹಬ್ಬಿಸಬಹುದು. ಹಾಗೆಯೇ ದಂಡಿ ಹೇಳಿದ ಹತ್ತು ದೋಷಗಳಲ್ಲಿ ಯತಿಭ್ರಷ್ಟ, ಭಿನ್ನವೃತ್ತಾದಿಗಳು ಪದ್ಯದ ಮಾತಿಗೆ ಸೇರಿದುವು. ಒಟ್ಟರ್ಥವಿಲ್ಲದ ಅಪಾರ್ಥ, ಹಿಂದಿನದಕ್ಕೆ ವಿರುದ್ಧವಾದ ವ್ಯರ್ಥ, ಹೇಳಿದುದನ್ನೇ ಹೇಳುವ ಏಕಾರ್ಥ, ಸಂದೇಹಕ್ಕೆಡೆಗೊಡುವ ಸಸಂಶಯ, ಕ್ರಮ ತಪ್ಪಿದ ಅಪಕ್ರಮ, ದೇಶಕಾಲಾದಿಗಳಿಗೆ ವಿರೋಧ ಈ ಆರು ಅರ್ಥಕ್ಕೆ ಸೇರಿದುವಾದುದರಿಂದ ಚಿತ್ರಕ್ಕೂ ಧ್ವನಿಗೂ ಸಮವಾಗಿಯೇ ತಗಲುವುವು.

ದೃಷ್ಟಾಂತಕ್ಕಾಗಿ ದೇವದತ್ತನೆಂಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಅವನು ತನ್ನ ಊರಿನ ಕೆರೆಯ ಮೇಲೆ ಪ್ರಬಂಧ ಬರೆದನು. ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳ ವರ್ಣನೆ ಬಂದಿತು. ಕೆರೆ ಹೂಳು ತುಂಬಿ ನೀರು ನಿಲ್ಲದೆಂಬ ಮಾತೂ ಬಂದಿತು. ಇದನ್ನೇ ಕೇಳುವ ರೂಪಕ್ಕೆ ತರಬೇಕೆಂದು ಗುರು ಹೇಳಿದನು. ದೇವದತ್ತನು ಪ್ರಬಂಧವನ್ನೇ ಗಟ್ಟಿಯಾಗಿ ಓದಿ ಮುದ್ರಿಸಿದರೆ ಅವನು ಏನನ್ನೂ ಕಲಿತಂತಾಗಲಿಲ್ಲ. ನೀರುಗಂಟಿಯ ಬಾಯಿಂದ ಎರಡು ಮಾತು ಆಡಿಸಿ, ಗದ್ದೆಗೆ ನೀರು ಹಂಚುತ್ತಿದ್ದ ಕ್ರಮವನ್ನು ಅವನಿಂದಲೇ ಹೇಳಿಸಿದರೆ, ಪ್ರಬಂಧದಲ್ಲಿ ಮರೆತುಹೋಗಿದ್ದ ಮನುಷ್ಯನು ಒಳಗೆ ಬಂದಂತಾಯಿತು. ಇದೇ ಪ್ರಸ್ಮೃತದ ಅನುಸಂಧಾನ. ಬಳಿಕ ಚಿತ್ರಗಳ ಸರದಿ. ಕೆರೆ ಬತ್ತಿದೆಯೆಂದು ಮಾತು ಹೇಳುತ್ತಿರುವಾಗ ಬತ್ತಿದ ಕೆರೆಯನ್ನೇ ತೋರಿಸಿದರೆ ಏಕಾರ್ಥ. ಮಾತು ಬೇಸಗೆಯದಾಗಿ ಚಿತ್ರ ಮಳೆಗಾಲದ್ದಾದರೆ ಕಾಲವಿರೋಧ. ಯಾವ ಊರಿನ ಕೆರೆಯೆಂದು ತಿಳಿಯದ ಚಿತ್ರವನ್ನು ಎಲ್ಲಿಂದಲೋ ತಂದು ಅಂಟಿಸಿದರೆ ಸಸಂಶಯ, ದೇಶವಿರೋಧಗಳೆರಡೂ. ದುಃಖದ ಕಥೆಯ ಹಿಂದೆ ಕಿವಿಗೆ ಹಿತವೆಂಬ ಒಂದೇ ಕಾರಣಕ್ಕೆ ಉಲ್ಲಾಸದ ವಾದ್ಯವನ್ನು ಇಟ್ಟರೆ, ಕೊರಳಿನ ಹಾರವನ್ನು ಸೊಂಟಕ್ಕೆ ಕಟ್ಟಿಕೊಂಡವನನ್ನು ನೋಡಿದಂತೆ ಜನ ನಗುವರು. ಈ ಅನೌಚಿತ್ಯವನ್ನು ಔಚಿತ್ಯವಿಚಾರಚರ್ಚೆಯ ಕರ್ತೃವು ಇಂತಹ ಹೋಲಿಕೆಯಿಂದಲೇ ತಿಳಿಸಿದ್ದಾನೆ. ಮಾತು ಕೆರೆಯ ಹಿಂದಿನ ತುಂಬನ್ನು ಹೇಳುತ್ತಿರುವಾಗ ಚಿತ್ರವು ಏರಿಯ ಇಂದಿನ ಬಿರುಕನ್ನು ಮೌನವಾಗಿ ತೋರಿಸಿದರೆ, ಎರಡರಲ್ಲಿಯೂ ಇಲ್ಲದ ಮೂರನೆಯ ಅರ್ಥವೊಂದು ಎರಡರ ನಡುವೆ ಧ್ವನಿತವಾಗುತ್ತದೆ. ಅಲ್ಲಿಗೆ ದೇವದತ್ತನು ಘಟಮಾನತ್ವವನ್ನು ದಾಟಿದನೆಂದು ಹೇಳಬಹುದು.

೭

೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಬರೆಯುವ ಯಂತ್ರವು ಸಾರ್ವಜನಿಕರಿಗೆ ದೊರೆತುದು ಮೊದಲುಗೊಂಡು ರಚನಾಶಿಕ್ಷಕರಲ್ಲಿ ಕಳವಳವೆದ್ದಿದೆ. ಕೇಳಿದ ವಿಷಯದ ಮೇಲೆ ವ್ಯಾಕರಣಶುದ್ಧವಾದ ಪ್ರಬಂಧವನ್ನು ಯಂತ್ರವು ಕ್ಷಣದಲ್ಲಿ ಬರೆದುಕೊಡುವಾಗ ಪ್ರಬಂಧವನ್ನು ನೋಡಿ ಅಂಕ ಕೊಡುವುದಕ್ಕೆ ಏನು ಅರ್ಥ? 

ಈ ಕಳವಳ ನಿಜವಾದುದು. ಆದರೆ ಇದರ ಮೂಲ ಯಂತ್ರದಲ್ಲಿಲ್ಲ, ಪರೀಕ್ಷೆಯ ಕ್ರಮದಲ್ಲಿದೆ. ಫಲವನ್ನೇ ನೋಡಿ ಬೆಳೆವಣಿಗೆಯನ್ನು ಊಹಿಸುತ್ತಿದ್ದುದು ಮೊದಲಿನಿಂದಲೂ ದುರ್ಬಲವಾದ ಅನುಮಾನವಾಗಿತ್ತು. ಫಲಕ್ಕೂ ಬೆಳೆವಣಿಗೆಗೂ ವ್ಯಾಪ್ತಿಯಿದೆಯೆಂದು ನಾವು ನಂಬಿದ್ದೆವು. ಯಂತ್ರವು ಆ ವ್ಯಾಪ್ತಿಯಲ್ಲಿ ವ್ಯಭಿಚಾರವನ್ನು ತೋರಿಸಿಕೊಟ್ಟಿತು. ರಾಜಶೇಖರನ ಕಾಲದ ಅನ್ಯಾಪದೇಶಿಯು ಭಯದಿಂದ ತನ್ನದನ್ನು ಪರರದೆಂದನು. ಇಂದಿನವನು ಅದೇ ಭಯದಿಂದ ಪರರದನ್ನು ತನ್ನದೆನ್ನುತ್ತಾನೆ. ಮೊದಲನೆಯವನು ಬೆಳೆವಣಿಗೆಯ ಹಾದಿಯಲ್ಲಿದ್ದನು, ಎರಡನೆಯವನು ಹಾದಿಗೇ ಇಳಿದಿಲ್ಲ. ಹರಣವನ್ನು ಕುರಿತು ಹನ್ನೊಂದನೆಯದು ಮೊದಲಾಗಿ ಮೂರು ಅಧ್ಯಾಯಗಳನ್ನೇ ರಾಜಶೇಖರನು ಮೀಸಲಿಟ್ಟಿದ್ದಾನೆ. ಬೆಲೆ ಕೊಟ್ಟು ಪರರ ಕಾವ್ಯವನ್ನು ಕೊಂಡುಕೊಳ್ಳುವುದೂ ಹರಣವೇ ಎಂದೂ, ಅಪಕೀರ್ತಿಗಿಂತ ಕೀರ್ತಿ ಬಾರದಿರುವುದೇ ಮೇಲೆಂದೂ ಅಲ್ಲಿ ಹೇಳಿದೆ. ಆದರೆ ಎಲ್ಲ ಸಾದೃಶ್ಯವನ್ನೂ ಕಳವೆಂದು ತಳ್ಳುವುದೂ ಸರಿಯಲ್ಲ. ಪ್ರತಿಬಿಂಬದಂತಿರುವ ಸಾದೃಶ್ಯವನ್ನೂ ಚಿತ್ರದಂತಿರುವ ಸಾದೃಶ್ಯವನ್ನೂ ಬಿಡಬೇಕು, ಬೇರೆ ಶರೀರವುಳ್ಳ ಇಬ್ಬರು ಮನುಷ್ಯರಲ್ಲಿರುವಂತಹ ಸಾದೃಶ್ಯವನ್ನು ಬಿಡಬೇಕಾಗಿಲ್ಲವೆಂದು ಆನಂದವರ್ಧನನು ವಿಭಾಗಿಸಿರುವನು. ವಿದ್ಯಾರ್ಥಿಯು ಯಂತ್ರದ ನೆರವನ್ನು ಪಡೆದನೋ ಎಂದು ಪತ್ತೆಹಚ್ಚುವ ಕೆಲಸಕ್ಕಿಂತ, ಪಡೆದುದಕ್ಕೆ ಅವನು ತನ್ನದಾದ ಶರೀರವನ್ನು ಕೊಟ್ಟನೋ ಎಂದು ಕೇಳುವುದು ಗುರುವಿಗೆ ಹೆಚ್ಚು ತಕ್ಕ ಕೆಲಸ.

೮

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ವಿದ್ಯಾರ್ಥಿಯ ಕೊನೆಯ ಪ್ರತಿಯೊಡನೆ ಮೊದಲಿನ ಪ್ರತಿಗಳನ್ನೂ ಕೂಡಿಸಿ ರಚನಾಸಂಪುಟವಾಗಿ ಇಡಿಸಬೇಕು. ಎರಡನೆಯದಾಗಿ, ಬರೆದ ಹೊತ್ತಿಗೂ ಪರೀಕ್ಷಿಸುವ ಹೊತ್ತಿಗೂ ನಡುವೆ ಬಿಡುವಿರಬೇಕು. ಪರೀಕ್ಷೆಯು ನಾಲ್ಕೈದು ಮಂದಿಯ ಮಿತಪರಿಷತ್ತಿನಲ್ಲಿ ನಡೆಯಬೇಕು. ಮೂರನೆಯದಾಗಿ, ಒಂದೇ ವಸ್ತುವನ್ನು ಎರಡು ಮಾಧ್ಯಮಗಳಲ್ಲಿಯಾದರೂ ರಚಿಸಿ, ಒಂದರಿಂದ ಇನ್ನೊಂದಕ್ಕೆ ಬರುವಾಗ ಏನನ್ನು ಬಿಟ್ಟನು, ಏನನ್ನು ತುಂಬಿದನು, ಏನನ್ನು ನೆನೆದನು ಎಂಬುದನ್ನು ವಿದ್ಯಾರ್ಥಿಯೇ ತನ್ನ ಮಾತಿನಲ್ಲಿ ಬರೆಯಬೇಕು. ಗುರುವು ಅದನ್ನು ಎದುರಿನಲ್ಲಿ ಕೂರಿಸಿಕೊಂಡು ಬಾಯಿಯಲ್ಲಿಯೂ ಕೇಳಬೇಕು. ನಾಲ್ಕನೆಯದಾಗಿ, ಅಂಕಗಳಲ್ಲಿ ಒಂದು ದೊಡ್ಡ ಪಾಲು ಈ ಕಾರಣಕಥನಕ್ಕೆ ಸಲ್ಲಬೇಕು.

ರಾಜಶೇಖರನು ಆಸ್ಥಾನದ ಕವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನು. ನೂರು ಮಂದಿ ಕುಳಿತ ತರಗತಿಯನ್ನು ಅವನು ಕಂಡವನಲ್ಲ. ಅವನು ವಿಧಿಸಿದ ಬಿಡುವು ನಮ್ಮ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಇಲ್ಲ. ಈ ಭೇದವನ್ನು ಒಪ್ಪಿಯೇ ಅವನ ಶಾಸ್ತ್ರವನ್ನು ಬಳಸಿಕೊಳ್ಳಬೇಕು. ಆದರೆ ಅಧಿಕಾರಿಯ ವಿಷಯದಲ್ಲಿ ಅವನು ಸಂಕುಚಿತನಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಸಂಸ್ಕಾರವು ಆತ್ಮಕ್ಕೆ ಸೇರಿದುದು, ಸ್ತ್ರೀಪುರುಷಭೇದವನ್ನು ನೋಡತಕ್ಕದ್ದಲ್ಲವೆಂದು ಹೇಳಿ, ಸ್ತ್ರೀಯರೂ ಪುರುಷರಂತೆಯೇ ಕವಿಗಳಾಗುವರೆಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ.

ಮಹಾಕವಿಗಳನ್ನೂ ಕವಿರಾಜರನ್ನೂ ಹುಟ್ಟಿಸುವುದು ಕಾಲೇಜಿನ ಕೆಲಸವಲ್ಲ. ಮೊದಲಿನ ಐದು ಅವಸ್ಥೆಗಳನ್ನು ಒಬ್ಬ ವಿದ್ಯಾರ್ಥಿಯು ದಾಟುವಂತೆ ಮಾಡಿದರೆ ಗುರುವು ಕೃತಾರ್ಥನೇ. ಮುಚ್ಚಿಟ್ಟುಕೊಂಡಿದ್ದವನು ತೋರಿಸುವಂತಾಗುವುದು, ತೋರಿಸಲು ಹೆದರುತ್ತಿದ್ದವನು ತನ್ನದೆಂದು ಹೇಳುವಂತಾಗುವುದು, ಒಬ್ಬರ ಹಿಂದೆ ನಡೆಯುತ್ತಿದ್ದವನು ತಾನೇ ದಾರಿ ಹುಡುಕುವಂತಾಗುವುದು, ಬಿಡಿಯಾಗಿ ಬರೆಯುತ್ತಿದ್ದವನು ಕಟ್ಟುವಂತಾಗುವುದು ಇವೇ ಬೆಳೆವಣಿಗೆ. ಇವುಗಳಲ್ಲಿ ಒಂದನ್ನೂ ಯಂತ್ರವು ವಿದ್ಯಾರ್ಥಿಗೆ ಬದಲಾಗಿ ಮಾಡಲಾರದು, ಒಂದೂ ಕೊನೆಯ ಪ್ರತಿಯ ಮೇಲೆ ಪೂರ್ತಿಯಾಗಿ ಕಾಣದು. ಸಂಸ್ಕೃತ ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಸಾಹಿತ್ಯವನ್ನು ಬೋಧಿಸುವ ವಿದ್ವಾಂಸರು ಕವಿಶಿಕ್ಷಾಗ್ರಂಥಗಳನ್ನು ಈ ದೃಷ್ಟಿಯಿಂದ ಮತ್ತೆ ಪರಿಶೀಲಿಸಿ, ಇಲ್ಲಿ ಸೂಚಿಸಿದ ಕ್ರಮವನ್ನು ತಮ್ಮ ತರಗತಿಗಳಲ್ಲಿ ಒರೆಗೆ ಹಚ್ಚಿ ನೋಡಿ, ಅದರ ಸಾಧಕಬಾಧಕಗಳನ್ನು ಇದೇ ಪತ್ರಿಕೆಯಲ್ಲಿ ಚರ್ಚಿಸಬೇಕೆಂದು ಪ್ರಾರ್ಥನೆ.